ಹಸುವಿನ ಔಷಧಿ

ಬಾಗೂರು
5 ಫೆಬ್ರವರಿ 2024

ಚಿರಂಜೀವಿ ಗಂಗಾಧರನಿಗೆ ಅಕ್ಕ ನೀಲಾಂಬಿಕೆಯ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನೀನು ಕಿವಿಗೆ ಹೊಸ ಮಿಷನ್ ಹಾಕಿಸಿಕೊಂಡೆ ಎಂದು ಮಗ ಬಸವೇಶ ಹೇಳಿದ. ಎರಡೇ ದಿನಕ್ಕೆ ಕಿತ್ತು ಡಬ್ಬಿಗೆ ಹಾಕಿದೆ ಎಂದೂ ಹೇಳಿದ. ಅದು ಕುಂಯ್ ಎನ್ನುತ್ತದಂತೆ. ಅಷ್ಟು ಕೊಟ್ಟು ತಂದ ಮೇಲೆ ಅದು ಹಾಡು ಹೇಳಿದರೂ ಇಟ್ಟುಕೊಳ್ಳಬೇಕಿತ್ತು. ಇರಲಿ, ಈ ಸಲ ನಿನಗೆ ಕಿವಿ ಕೇಳದಿರುವುದೇ ನನಗೆ ಅನುಕೂಲ. ಫೋನಿನಲ್ಲಿ ಆಡುವ ಮಾತಲ್ಲ ಇದು. ಮಗನ ಮೊಬೈಲಿನಲ್ಲಿ ಬರೆಸೋಣವೆಂದರೆ ನನಗೆ ಬರೆದುಕೊಡುವವಳು ಸೊಸೆ ಪ್ರತಿಭಾ. ಅವಳ ಕೈಯಲ್ಲಿ ಬರೆಸುವ ವಿಷಯವೂ ಅಲ್ಲ. ಅದಕ್ಕೇ ಹಳೇ ಕಾಲದ ಹಾಗೆ ಕಾಗದ.

ಅವಳ ಜೇನುಪೆಟ್ಟಿಗೆಯ ಕಥೆ ನಿನಗೆ ಅರ್ಧ ಗೊತ್ತು. ತರಬೇತಿಗೆ ಹೋಗಿ ಬಂದವಳು, ತೆಂಗಿನ ಹೂವಿಗೆ ಜೇನಿದ್ದರೆ ಕಾಯಿ ಚೆನ್ನಾಗಿ ಕಚ್ಚುತ್ತದೆ ಎಂದು ಹೇಳಿ ಆರು ಪೆಟ್ಟಿಗೆ ತಂದು ಹಿತ್ತಿಲಲ್ಲಿ ಇಟ್ಟಳು. ಅವತ್ತು ನಾನು ಬೀದಿಯವರೆಲ್ಲ ಕೇಳುವ ಹಾಗೆ, "ಈ ಮನೇಲಿ ಆ ಹುಳ ಇರ್ಬೇಕು, ಇಲ್ಲಾ ನಾನಿರ್ಬೇಕು" ಎಂದುಬಿಟ್ಟಿದ್ದೆ. ಆರು ತಿಂಗಳಾಯಿತು. ಹುಳವೂ ಇದೆ, ನಾನೂ ಇದ್ದೇನೆ. ಆಡಿದ ಮಾತು ಮಾತ್ರ ಬೀದಿಯವರ ಬಾಯಲ್ಲಿ ಉಳಿದಿದೆ. ಎದುರುಮನೆ ಆಶಾರಾಣಿ ನೀರಿಗೆ ಬಂದಾಗಲೆಲ್ಲ, "ಏನ್ ನೀಲಮ್ಮಾರೇ, ಯಾವಾಗ ಓಯ್ತೀರಿ?" ಎಂದು ಕೇಳುತ್ತಾಳೆ. ಪ್ರತಿಭಾ ಮಾತ್ರ ಆ ಬಗ್ಗೆ ಒಂದು ಮಾತೂ ಎತ್ತಿಲ್ಲ. ಈ ಮನೆಗೆ ಬಂದು ಹದಿನಾಲ್ಕು ವರ್ಷದಲ್ಲಿ ಅವಳು ತನಗೆ ಅಂತ ಕೇಳಿದ್ದು ಈ ಆರು ಪೆಟ್ಟಿಗೆಗಳನ್ನು ಮಾತ್ರ.

ಈಗ ವಿಷಯಕ್ಕೆ ಬರುತ್ತೇನೆ. ನೀನು ಜೀವಮಾನವೆಲ್ಲ ಪಶುವೈದ್ಯರಾಗುವ ಹುಡುಗರಿಗೆ ಔಷಧಿಯ ಪಾಠ ಹೇಳಿದವನು. ಒಬ್ಬರು ನನ್ನನ್ನು ಕೇಳಿದರು. ಹಸುವಿಗೆ ಉಣ್ಣೆ ಹುಳ ಕಚ್ಚಿಕೊಂಡಾಗ ನೀರಿಗೆ ಬೆರೆಸಿ ಮೈಗೆ ಸವರುವ ಔಷಧಿ ಇದೆಯಲ್ಲ, ಅದನ್ನು ಹಸು ಅಲ್ಲದ ಬೇರೆ ಜೀವಕ್ಕೆ ಹಾಕಿದರೆ ಏನಾಗುತ್ತದೆ? ಯಾವ ಜೀವ ಎಂದು ಕೇಳಬೇಡ, ಕೇಳಿದವರು ಹೇಳಲಿಲ್ಲ. ಹಾಕಿ ಒಂದು ವಾರವಾಯಿತಂತೆ. ಬೇಗ ಬರೆ.

ನಿನ್ನ ಅಕ್ಕ,
ನೀಲಾಂಬಿಕೆ

ನಮ್ಮ ಬೆಕ್ಕು ಮೂರು ದಿನದಿಂದ ಮನೆಗೆ ಬಂದಿಲ್ಲ. ಅದರ ಹಾಲು ಹಾಗೇ ಇದೆ.


ಹೊಳೆನರಸೀಪುರ
9 ಫೆಬ್ರವರಿ 2024

ಅಕ್ಕನಿಗೆ ಗಂಗಾಧರನ ನಮಸ್ಕಾರ.

ಸೊಸೆಯ ಜೇನಿನ ಪುರಾಣವನ್ನು ಹಾರಿಸಿ ಓದಿದೆ, ಬೇಜಾರು ಮಾಡಿಕೊಳ್ಳಬೇಡ. "ಒಬ್ಬರು ಕೇಳಿದರು" ಎಂದಾಗಲೇ ಆ ಒಬ್ಬರು ಯಾರೆಂದು ತಿಳಿಯಿತು. ಬೆಕ್ಕು ಬಂದಿಲ್ಲ ಎಂಬ ಕೊನೆಯ ಸಾಲು ನೋಡಿದ ಮೇಲೆ ಅದು ಯಾವ ಜೀವ ಎಂದೂ ತಿಳಿಯಿತು. ಬೆಕ್ಕಿಗೆ ಹಸುವಿನ ಔಷಧಿ ಬಳಿದಿದ್ದೀಯ. ನಿನಗೆ ಬುದ್ಧಿ ಇದೆಯಾ?

ತರಗತಿಯಲ್ಲಿ ವರ್ಷವರ್ಷವೂ ಗಂಟಲು ಹರಿದುಕೊಂಡು ಹೇಳಿದ ಪಾಠವನ್ನು ಈಗ ನಿನಗೊಬ್ಬಳಿಗೆ ಹೇಳುತ್ತೇನೆ, ಕೇಳು. ಮೈಯೊಳಗಿನ ಒಂದೊಂದು ಜೀವಕೋಶದ ಮೇಲೂ ಕಿವಿಗಳಿವೆ. ಪುಸ್ತಕದಲ್ಲಿ ಅದನ್ನು ಗ್ರಾಹಕ ಎನ್ನುತ್ತಾರೆ, ಹುಡುಗರು ರಿಸೆಪ್ಟರ್ ಎನ್ನುತ್ತಾರೆ. ನಾನು ಕಿವಿ ಎನ್ನುತ್ತೇನೆ, ಏಕೆಂದರೆ ಕಿವಿಯ ಬೆಲೆ ಏನೆಂದು ನನಗೆ ಈಗ ಚೆನ್ನಾಗಿ ಗೊತ್ತು. ಔಷಧಿ ಹೋಗಿ ಆ ಕಿವಿಯಲ್ಲಿ ಒಂದು ಮಾತು ಹೇಳುತ್ತದೆ. ಕೋಶ ಅದರಂತೆ ನಡೆಯುತ್ತದೆ. ಹಸುವಿಗೂ ಕುದುರೆಗೂ ಬೆಕ್ಕಿಗೂ ಇರುವುದು ಒಂದೇ ಹೆಸರಿನ ಕಿವಿ. ಆದರೆ ಒಂದರಲ್ಲಿ ಅದು ಚುರುಕು, ಇನ್ನೊಂದರಲ್ಲಿ ಮಂದ. ಒಂದಕ್ಕೆ ತಲೆಯಲ್ಲಿ ಹೆಚ್ಚು, ಇನ್ನೊಂದಕ್ಕೆ ಕರುಳಿನಲ್ಲಿ. ಅದಕ್ಕೇ ಒಂದೇ ಮಾತನ್ನು ಒಂದೊಂದು ಪ್ರಾಣಿ ಒಂದೊಂದು ಥರ ಕೇಳಿಸಿಕೊಳ್ಳುತ್ತದೆ.

ಮಂಪರು ಬರಿಸುವ ಒಂದು ಇಂಜೆಕ್ಷನ್ ಇದೆ. ಕುದುರೆ ನಿಂತಲ್ಲೇ ತೂಕಡಿಸಲು ಎಷ್ಟು ಬೇಕೋ ಅದೇ ಲೆಕ್ಕದಲ್ಲಿ ಹಸುವಿಗೆ ಕೊಟ್ಟರೆ ಹಸು ಬಿದ್ದುಹೋಗುತ್ತದೆ. ಅದಕ್ಕೆ ಹತ್ತರಲ್ಲೊಂದು ಪಾಲು ಸಾಕು. ನೋವಿಗೆಂದು ಕೊಡುವ ಮಾರ್ಫಿನ್‌ನಿಂದ ನಾಯಿ ಮಲಗಿದರೆ, ಅದೇ ಲೆಕ್ಕದಲ್ಲಿ ಕೊಟ್ಟ ಬೆಕ್ಕು ಹುಚ್ಚೆದ್ದು ಗೋಡೆ ಹತ್ತುತ್ತದೆ. ಅಷ್ಟು ದೂರ ಬೇಡ, ನಿನ್ನ ಹಿತ್ತಿಲಿಗೇ ಬರುತ್ತೇನೆ. ಹಣ್ಣು ಮೆಣಸಿನಕಾಯಿಯನ್ನು ಗಿಳಿ ಕಡಲೆಪುರಿ ತಿಂದ ಹಾಗೆ ತಿನ್ನುವುದನ್ನು ನೋಡಿದ್ದೀಯಲ್ಲ? ಖಾರದ ಮಾತು ಅದರ ಕಿವಿಗೆ ಬೀಳುವುದೇ ಇಲ್ಲ.

ಹಾಸನದಲ್ಲಿ ಮದುವೆ ಮೆರವಣಿಗೆಗೆ ಕುದುರೆ ಕೊಡುತ್ತಿದ್ದ ಈಶ್ವರಯ್ಯ ಎಂಬಾತ ಒಮ್ಮೆ ಹಸುವಿನ ಉಣ್ಣೆ ಔಷಧಿಯನ್ನೇ ಕುದುರೆಗೂ ಬಳಿದ. ಉಣ್ಣೆ ಉದುರಿತು, ಜೊತೆಗೆ ಕುದುರೆಯ ಕರುಳೂ ನಿಂತಿತು. ಹಸುವಿಗೆ ಏನೂ ಮಾಡದ ಔಷಧಿ ಅದು. ಅವನು ಕರೆತಂದಾಗ ನಾನೇ ಅದರ ಹೊಟ್ಟೆಗೆ ಕಿವಿಯಿಟ್ಟು ಕೇಳಿದೆ. ಆಗ ನನಗೆ ಕೇಳಿಸುತ್ತಿತ್ತು. ಒಳಗೆ ಒಂದು ಗುಡುಗುಡು ಸದ್ದೂ ಇರಲಿಲ್ಲ. ಆ ಕುದುರೆ ಉಳಿಯಲಿಲ್ಲ. ಈಶ್ವರಯ್ಯ ನಮ್ಮ ಕಾಲೇಜಿನ ಮೆಟ್ಟಿಲ ಮೇಲೆ ಕೂತು ಅತ್ತಿದ್ದು ಇನ್ನೂ ಕಣ್ಣ ಮುಂದಿದೆ.

ಆದ್ದರಿಂದ ಒಂದರ ಔಷಧಿಯನ್ನು ಇನ್ನೊಂದಕ್ಕೆ ಹಾಕುವಂತಿಲ್ಲ. ಅದರಲ್ಲೂ ಜೀವ ಸಣ್ಣದಾದಷ್ಟೂ ಅಪಾಯ ಬೇಗ. ಬೆಕ್ಕು ಸಿಕ್ಕಿದರೆ ಮೈ ತೊಳೆದು ಬೆಚ್ಚಗೆ ಇಡು, ಚನ್ನರಾಯಪಟ್ಟಣದ ಪಶು ಆಸ್ಪತ್ರೆಗೆ ತೆಗೆದುಕೊಂಡು ಹೋಗು.

ಶಿವರಾತ್ರಿಗೆ ಬರುತ್ತೇನೆ.

ಗಂಗಾಧರ


ಬಾಗೂರು
14 ಫೆಬ್ರವರಿ 2024

ಗಂಗಾಧರನಿಗೆ ಆಶೀರ್ವಾದ.

ಕಾಗದ ಬಂತು. ಓದಿದೆ. ಬೆಕ್ಕು ಬಂದಿದೆ, ಚೆನ್ನಾಗಿದೆ, ಹಾಲು ಕುಡಿಯಿತು. ನೀನು ಈ ಸಲ ಶಿವರಾತ್ರಿಗೆ ಬರುವುದು ಬೇಡ, ಮನೆಯಲ್ಲಿ ಸ್ವಲ್ಪ ಅನನುಕೂಲ.

ಸಣ್ಣ ಜೀವ ಎಂದು ಬರೆದಿದ್ದೀಯ. ಎಷ್ಟು ಸಣ್ಣ?

ನೀಲಾಂಬಿಕೆ


ಹೊಳೆನರಸೀಪುರ
17 ಫೆಬ್ರವರಿ 2024

ಅಕ್ಕ,

ನಿನ್ನ ಕಾಗದ ನೋಡಿ ಎರಡು ದಿನದಿಂದ ನಿದ್ದೆ ಸರಿಯಿಲ್ಲ. ನೀನು ಇಷ್ಟು ಚಿಕ್ಕ ಕಾಗದ ಬರೆದವಳೇ ಅಲ್ಲ. ಭಾವ ತೀರಿಕೊಂಡ ವಾರವೂ ನನಗೆ ಎರಡು ಹಾಳೆ ತುಂಬ ಬರೆದು, ಅದರಲ್ಲಿ ಅರ್ಧ ಹಾಳೆ ಅಡುಗೆ ಭಟ್ಟನನ್ನು ಬೈದಿದ್ದೆ. ಶಿವರಾತ್ರಿಗೆ ಬರಬೇಡ ಎಂದು ಹುಟ್ಟಿದಾಗಿನಿಂದ ಹೇಳಿಲ್ಲ. ನನ್ನ ಬೈಗುಳದಿಂದ ಮುನಿಸಿಕೊಂಡೆಯಾ ಎಂದುಕೊಂಡೆ. ನೀನು ಹಾಗೆ ಮುನಿಸಿಕೊಳ್ಳುವವಳೂ ಅಲ್ಲ, ತಿರುಗಿಸಿ ಬೈಯುವವಳು.

ಎಷ್ಟು ಸಣ್ಣ ಎಂದು ಕೇಳಿದ್ದೀಯ. ಬೆಕ್ಕಲ್ಲ ಎಂದಾಯಿತು. ಕೋಳಿ ಮರಿಯಾ? ನೆರೆಯವರ ಮೊಲವಾ? ಯಾವುದಾದರೂ ಸರಿ, ಬರೆ. ಈ ಸಲ ಬೈಯುವುದಿಲ್ಲ. ಆ ಔಷಧಿಯ ಬಾಟಲಿ ಇದ್ದರೆ ಅದರ ಮೇಲೆ ಇಂಗ್ಲಿಷಿನಲ್ಲಿ ಏನು ಬರೆದಿದೆಯೋ ಅಕ್ಷರ ನೋಡಿ ಹಾಗೇ ಇಳಿಸಿ ಕಳಿಸು. ಉಣ್ಣೆ ಔಷಧಿಗಳಲ್ಲಿ ಎಲ್ಲವೂ ಒಂದೇ ಅಲ್ಲ.

ಗಂಗಾಧರ


ಬಾಗೂರು
21 ಫೆಬ್ರವರಿ 2024

ಗಂಗಾಧರ,

ಜೇನುಹುಳ. ಅಷ್ಟು ಸಣ್ಣ.

ಬರೆದುಬಿಟ್ಟೆ, ಇನ್ನು ಉಳಿದದ್ದನ್ನೂ ಬರೆಯುತ್ತೇನೆ. ಜನವರಿ ಕೊನೆಯಲ್ಲಿ ಪ್ರತಿಭಾಳ ತಮ್ಮನಿಗೆ ಅರಕಲಗೂಡಿನಲ್ಲಿ ನಿಶ್ಚಿತಾರ್ಥವಿತ್ತು. ಗಂಡಹೆಂಡತಿ ಇಬ್ಬರೂ ಮಗಳನ್ನು ಕರೆದುಕೊಂಡು ಹೋದರು. ಹೋಗುವಾಗ ಅವಳು ನನಗೆ ಒಂದು ಕೆಲಸ ಹೇಳಿದಳು. ಜೇನುಪೆಟ್ಟಿಗೆಯ ಕಾಲುಗಳ ಕೆಳಗೆ ಇರುವೆ ಹತ್ತದಂತೆ ಬಟ್ಟಲುಗಳಿವೆ, ಅದಕ್ಕೆ ನೀರು ತುಂಬಬೇಕು, ಅಷ್ಟೇ. ಹುಳ ಕಂಡರಾಗದ ಅತ್ತೆಗೆ ಈ ಕೆಲಸ ಹೇಳಲು ಅವಳಿಗೆ ಎಷ್ಟು ಹಿಂಜರಿಕೆಯಾಯಿತೋ. ಆದರೆ ನನಗೆ ಹುಳ ಕಂಡರಾಗದು ಎಂಬುದು ಹಳೇ ಮಾತು. ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ನಾನು ನುಗ್ಗೆಮರದ ಕೆಳಗೆ ಕೂತು, ಅವು ಕಾಲಿಗೆ ಹಳದಿ ಹಿಟ್ಟು ಅಂಟಿಸಿಕೊಂಡು ಬರುವುದನ್ನು ನೋಡುತ್ತಿದ್ದೆ. ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಅವತ್ತು ನೀರು ತುಂಬುವಾಗ ಒಂದು ಹುಳ ಪೆಟ್ಟಿಗೆಯ ಬಾಗಿಲ ಹಲಗೆಯ ಮೇಲೆ ತೆವಳುತ್ತಿತ್ತು. ಬೆನ್ನ ಮೇಲೆ ಕೆಂಪಗೆ ಏನೋ ಕಚ್ಚಿಕೊಂಡಿತ್ತು. ಕನ್ನಡಕ ಹಾಕಿಕೊಂಡು ಬಂದು ನೋಡಿದೆ. ಉಣ್ಣೆ! ಹಸುವಿನ ಮೈಯಲ್ಲಿ ಅಷ್ಟು ವರ್ಷ ಕಿತ್ತವಳು ನಾನು, ನನಗೆ ಉಣ್ಣೆ ಗೊತ್ತಾಗುವುದಿಲ್ಲವಾ? ತೀರಾ ಎಳೆಯದು, ರಾಗಿಕಾಳಿನಷ್ಟು. ಪಾಪ, ಆ ಹುಳಕ್ಕೆ ಅದನ್ನು ಕೊಡವಿಕೊಳ್ಳಲು ಆಗುತ್ತಿರಲಿಲ್ಲ. ಕೊಟ್ಟಿಗೆಯಲ್ಲಿ ಒಂದು ಹಸುವಿಗೆ ಉಣ್ಣೆ ಕಂಡರೆ ನಾವು ಎಲ್ಲಾ ಹಸುಗಳಿಗೂ ಔಷಧಿ ಹಾಕುವುದಿಲ್ಲವಾ? ಹಾಗೇ ಮಾಡಿದೆ. ಬಸವೇಶನ ಹಳೇ ಪಂಚೆ ಹರಿದು ಆರು ಚೂರು ಮಾಡಿ, ಹಸುವಿಗೆ ಬೆರೆಸುವ ಹದದಲ್ಲೇ ಔಷಧಿ ಬೆರೆಸಿ, ಅದ್ದಿ ಹಿಂಡಿ, ಒಂದೊಂದು ಪೆಟ್ಟಿಗೆಯ ಬಾಗಿಲಿನಲ್ಲಿ ಕಡ್ಡಿಯಿಂದ ಒಳಗೆ ತಳ್ಳಿದೆ. ಅವಳು ಬಂದಾಗ ಹೇಳಿ ಶಹಬಾಸ್ ಅನ್ನಿಸಿಕೊಳ್ಳೋಣ ಎಂದಿದ್ದೆ.

ಬೆಳಿಗ್ಗೆ ನೋಡಿದರೆ ಬಾಗಿಲ ಮುಂದೆ ಸತ್ತ ಹುಳಗಳು. ಸಂಜೆ ಪ್ರತಿಭಾ ಬಂದಳು, ನಾನು ಬಾಯಿ ಬಿಡಲಿಲ್ಲ. ಮಾರನೇ ದಿನ ನೋಡಿದರೆ ಬಟ್ಟೆ ಚೂರುಗಳು ಒಂದೂ ಇಲ್ಲ. ಅವಳಿಗೆ ಗೊತ್ತಾಗಿದೆ. ಆದರೂ ಒಂದು ಮಾತು ಆಡಿಲ್ಲ. ಬಡಿಸುತ್ತಾಳೆ, ಮಾತ್ರೆ ನೆನಪಿಸುತ್ತಾಳೆ, ಕಣ್ಣಿಗೆ ಕಣ್ಣು ಕೊಡುವುದಿಲ್ಲ. ಬಸವೇಶ ಎಂದಿನಂತೆಯೇ ಇದ್ದಾನೆ, ಅವನಿಗೆ ಗೊತ್ತಿಲ್ಲವೇನೋ. ದಿನಾ ಬೆಳಿಗ್ಗೆ ಒಂದಷ್ಟು ಹುಳ ರೆಕ್ಕೆ ಮುದುರಿಕೊಂಡು ನೆಲದಲ್ಲಿ ತೆವಳುತ್ತವೆ, ಹಾರಲಾರವು. ಹೀಗೇ ಒಂದೊಂದಾಗಿ ಎಲ್ಲಾ ಸಾಯುತ್ತವೆ. ಈಶ್ವರಯ್ಯನ ಕುದುರೆಯ ಕಥೆ ಓದಿದ ಮೇಲೆ ನನಗೆ ಅನ್ನ ಸೇರುತ್ತಿಲ್ಲ.

ಹುಳ ಸತ್ತರೆ ನಾನು ಬೇಕಂತ ಕೊಂದೆ ಎಂದೇ ಆಗುತ್ತದೆ. ಆ ಹುಳ ಇರಬೇಕು ಇಲ್ಲಾ ನಾನಿರಬೇಕು ಎಂದು ಇಡೀ ಬೀದಿಗೆ ಕೇಳಿಸಿದವಳು ನಾನೇ. ಒಳ್ಳೇದಕ್ಕೆ ಮಾಡಿದೆ ಎಂದರೆ ಯಾರು ನಂಬುತ್ತಾರೆ? ಬೀದಿ ಹಾಳಾಗಲಿ, ಅವಳು ನಂಬುತ್ತಾಳಾ?

ಬಾಟಲಿಯ ಮೇಲಿನ ಅಕ್ಷರಗಳನ್ನು ಕೆಳಗೆ ನೋಡಿ ನೋಡಿ ಬರೆದಿದ್ದೇನೆ. ಮೊಮ್ಮಗಳು ಓದಿ ಅಮಿಟ್ರಾಜ್ ಎಂದಳು. ವಾಸನೆ ನುಸಿಗುಳಿಗೆಯ ಹಾಗೆ.

ನೀಲಾಂಬಿಕೆ


ಹೊಳೆನರಸೀಪುರ
23 ಫೆಬ್ರವರಿ 2024, ಶುಕ್ರವಾರ

ಅಕ್ಕ, ಮೊದಲು ಊಟ ಮಾಡು. ಆಮೇಲೆ ಮುಂದಕ್ಕೆ ಓದು.

ಇದನ್ನು ಅಂಚೆಗೆ ಹಾಕಿದರೆ ನೀನು ಇನ್ನೂ ಮೂರು ದಿನ ಉಪವಾಸವಿರುತ್ತೀಯ. ಪಕ್ಕದ ಮನೆಯ ಅರುಣ್‌ಕುಮಾರ್ ಬ್ಯಾಂಕ್ ಕೆಲಸಕ್ಕೆ ದಿನಾ ಚನ್ನರಾಯಪಟ್ಟಣಕ್ಕೆ ಹೋಗುತ್ತಾನೆ. ಬಾಗೂರಿಗೆ ಬಂದು ನಿನ್ನ ಕೈಗೇ ಕೊಡಬೇಕು, ಬೇರೆ ಯಾರ ಕೈಗೂ ಅಲ್ಲ ಎಂದು ಹೇಳಿದ್ದೇನೆ.

ಅಮಿಟ್ರಾಜ್ ಎಂದು ಓದಿದ ಕೂಡಲೇ ನಾನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಉಸಿರು ಬಿಟ್ಟೆ. ನಿನ್ನ ಹುಳಗಳು ಸಾಯುವುದಿಲ್ಲ ಅಕ್ಕ. ಸಾಯುವುದಿದ್ದರೆ ಆ ದಿನವೇ ಸಾಯುತ್ತಿದ್ದವು. ಮೂರು ವಾರವಾದ ಮೇಲೂ ಉಳಿದಿವೆ ಎಂದರೆ ಗಂಡಾಂತರ ಕಳೆದಿದೆ.

ಕಾರಣ ಹೇಳುತ್ತೇನೆ. ನೀನು ಕಂಡದ್ದು ಹಸುವಿನ ಉಣ್ಣೆಯಲ್ಲ, ಜೇನಿನ ನುಸಿ. ಆದರೆ ಉಣ್ಣೆಗೂ ಅದಕ್ಕೂ ದಾಯಾದಿ ಸಂಬಂಧ, ಎರಡಕ್ಕೂ ಎಂಟು ಕಾಲು. ಈ ಔಷಧಿ ಅವುಗಳ ಕೋಶದ ಒಂದು ಕಿವಿಯಲ್ಲಿ ಎಡೆಬಿಡದೆ ಕೂಗುತ್ತದೆ. ಆ ಕೂಗಿಗೆ ಅವು ಹಿಡಿತ ತಪ್ಪಿ ಉದುರಿ ಸಾಯುತ್ತವೆ. ಜೇನುಹುಳಕ್ಕೂ ಅದೇ ಕಿವಿ ಇದೆ. ಆದರೆ ಅದರ ಕಿವಿಯ ತಿರುವು ಒಂದೆರಡು ಕಡೆ ಬೇರೆ, ಆದ್ದರಿಂದ ಅದೇ ಕೂಗು ಅದಕ್ಕೆ ಅಷ್ಟಾಗಿ ಕೇಳಿಸುವುದಿಲ್ಲ. ನನ್ನ ಹಾಗೆ. ಹೊರದೇಶಗಳಲ್ಲಿ ಇದೇ ಔಷಧಿಯನ್ನು ಅಳತೆ ಮಾಡಿ ಪ್ಲಾಸ್ಟಿಕ್ ಪಟ್ಟಿಗೆ ಹಾಕಿ ಜೇನುಪೆಟ್ಟಿಗೆಯಲ್ಲಿ ತೂಗುಹಾಕುತ್ತಾರೆ. ಇಷ್ಟು ವರ್ಷ ಕುದುರೆ, ಹಸು, ಬೆಕ್ಕು ಎಂದು ಪಾಠ ಹೇಳಿದ ನನಗೆ ನಿನ್ನ ಮೊದಲ ಕಾಗದ ಓದಿದಾಗ ಜೇನು ಹೊಳೆಯಲೇ ಇಲ್ಲ. ಆ ಭಾಗವನ್ನೇ ಹಾರಿಸಿದ್ದೆನಲ್ಲ.

ರೆಕ್ಕೆ ಮುದುರಿದ ಹುಳಗಳು ನಿನ್ನ ಔಷಧಿಯಿಂದ ಹಾಗಾದವಲ್ಲ. ಗೂಡಿನೊಳಗೆ ಮರಿಯಾಗಿದ್ದಾಗಲೇ ನುಸಿ ಅವುಗಳ ರಸ ಹೀರಿ, ರೋಗ ಅಂಟಿಸಿ ಕೆಡಿಸಿದೆ. ಅಂಥವು ಇನ್ನೂ ಕೆಲವು ದಿನ ಹುಟ್ಟುತ್ತವೆ, ಆಮೇಲೆ ನಿಲ್ಲುತ್ತವೆ. ಮೊದಲ ದಿನ ಸತ್ತವುಗಳಲ್ಲಿ ಕೆಲವು ನಿನ್ನ ಬಟ್ಟೆಯ ಘಾಟಿಗೆ ಸತ್ತಿರಬಹುದು. ಅದನ್ನು ಮುಚ್ಚಿಡುವುದಿಲ್ಲ.

ಆದರೆ ಹಿಗ್ಗಬೇಡ. ಇದು ಜಾಣತನವಲ್ಲ, ಅದೃಷ್ಟ. ಉಣ್ಣೆಗೆಂದು ಮಾರುವ ಇನ್ನೊಂದು ಬಗೆಯ ಔಷಧಿ ನಿನ್ನ ಕೈಗೆ ಸಿಕ್ಕಿದ್ದರೆ ಸಂಜೆಯೊಳಗೆ ಆರೂ ಪೆಟ್ಟಿಗೆ ಖಾಲಿಯಾಗುತ್ತಿತ್ತು. ಈಗ ಗೂಡಿನಲ್ಲಿರುವ ತುಪ್ಪವನ್ನು ಮನುಷ್ಯರು ಯಾರೂ ತಿನ್ನಬಾರದು, ಅದು ಹುಳಗಳಿಗೇ ಇರಲಿ.

ಭಾನುವಾರ ನಾನೇ ಬರುತ್ತೇನೆ. ಅನನುಕೂಲವಾದರೂ ಬರುತ್ತೇನೆ.

ಗಂಗಾಧರ


ಹೊಳೆನರಸೀಪುರ
28 ಫೆಬ್ರವರಿ 2024

ಅಕ್ಕನಿಗೆ ನಮಸ್ಕಾರ.

ಸುಖವಾಗಿ ಬಂದು ತಲುಪಿದೆ. ನೀನು ಕಟ್ಟಿಕೊಟ್ಟ ಕಡುಬನ್ನು ಬಸ್ಸಿನಲ್ಲೇ ಮುಗಿಸಿದೆ.

ಭಾನುವಾರ ನಾನೂ ಪ್ರತಿಭಾಳೂ ಪೆಟ್ಟಿಗೆ ಬಿಚ್ಚಿ ನೋಡುತ್ತಿದ್ದಾಗ ನೀನು ಅಡುಗೆಮನೆಯ ಕಿಟಕಿಯಿಂದ ಇಣುಕುತ್ತಿದ್ದೆ. ನನಗೆ ಕಿವಿ ಇಲ್ಲ, ಕಣ್ಣಿದೆ. ಆರೂ ಪೆಟ್ಟಿಗೆಯಲ್ಲಿ ರಾಣಿಗಳು ಚೆನ್ನಾಗಿವೆ, ಮೊಟ್ಟೆ ತುಂಬಿದೆ ಎಂದು ಅಲ್ಲೇ ಹೇಳಿದೆ. ನೀನು ಸೆರಗಿನಿಂದ ಮುಖ ಒರೆಸಿಕೊಂಡೆ. ಹೇಳದೆ ಉಳಿಸಿಕೊಂಡದ್ದು ಒಂದಿದೆ. ಈಗ ಹೇಳುತ್ತೇನೆ.

ನನ್ನ ಜೊತೆ ಮಾತಾಡಬೇಕಾದವರು ಸ್ಲೇಟಿನಲ್ಲಿ ಬರೆಯಬೇಕಷ್ಟೆ. ಪ್ರತಿಭಾ ಆ ದಿನ ಸ್ಲೇಟು ತುಂಬ ಬರೆದಳು, ನಾನು ಓದಿದ ಕೂಡಲೇ ಒರೆಸಿದಳು, ಮತ್ತೆ ಬರೆದಳು. ಅವಳು ಅರಕಲಗೂಡಿನಿಂದ ಬಂದ ಸಂಜೆಯೇ ಹಿತ್ತಿಲಿಗೆ ಹೋದಾಗ ವಾಸನೆ ಹೊಡೆಯಿತಂತೆ. ಬಟ್ಟೆ ಚೂರುಗಳನ್ನು ಎಳೆದು ತೆಗೆದು, ಗಂಡನ ಪಂಚೆಯ ಅಂಚು ಗುರುತು ಹಿಡಿದು, ಅವನು ಬಟ್ಟೆ ಬದಲಿಸಿ ಹಿತ್ತಿಲಿಗೆ ಬರುವುದರೊಳಗೆ ತಿಪ್ಪೆಯಲ್ಲಿ ಹೂತುಬಿಟ್ಟಳಂತೆ. ಅವನು ಸತ್ತ ಹುಳ ನೋಡಿ ಏನಾಯಿತು ಎಂದು ಕೇಳಿದ್ದಕ್ಕೆ, ಚಳಿಗೆ ಹೀಗಾಗುತ್ತದೆ ಎಂದಳಂತೆ.

ಅತ್ತೆ ಆಡಿದ ಮಾತು ನಡೆಸಿಬಿಟ್ಟರು ಎಂದೇ ಅವಳು ತಿಳಿದಳು, ಅಕ್ಕ. ನಾಲ್ಕು ದಿನ ಹಾಗೇ ತಿಳಿದಿದ್ದಳು. ಐದನೇ ದಿನ ಪೆಟ್ಟಿಗೆಯ ತಳದ ಹಲಗೆ ಎಳೆದು ಗುಡಿಸಲು ಹೋದರೆ ರಾಗಿ ಚೆಲ್ಲಿದ ಹಾಗೆ ಕೆಂಪು ನುಸಿ ಸತ್ತು ಬಿದ್ದಿತ್ತಂತೆ. ಆರು ಪೆಟ್ಟಿಗೆಯಲ್ಲೂ. ತರಬೇತಿಯಲ್ಲಿ ತೋರಿಸಿದ್ದ ನುಸಿಯೇ ಅದು ಎಂದು ಗೊತ್ತಾಯಿತು, ಅತ್ತೆ ಬಟ್ಟೆ ಇಟ್ಟದ್ದು ಅದಕ್ಕೇ ಎಂದೂ. ನುಸಿ ಹೊಕ್ಕಿದ್ದೇ ಅವಳಿಗೆ ತಿಳಿದಿರಲಿಲ್ಲ. ಇನ್ನೊಂದು ತಿಂಗಳು ಹೀಗೇ ಬಿಟ್ಟಿದ್ದರೆ ಎರಡು ಪೆಟ್ಟಿಗೆ ಹೋಗುತ್ತಿತ್ತು ಎಂದು ಬರೆದಳು. ಈಗ ಸರಿಯಾದ ಅಳತೆಯ ಪಟ್ಟಿಗಳನ್ನು ತರಿಸಿದ್ದಾಳೆ, ಒಳಗೆ ಮರಿಗಳ ಜೊತೆ ಅವಿತಿದ್ದ ನುಸಿ ಆಮೇಲೆ ಹೊರಬರುತ್ತದಲ್ಲ, ಅದಕ್ಕೆ.

ಹಾಗಾದರೆ ಇಷ್ಟು ದಿನ ಅತ್ತೆಯ ಜೊತೆ ಯಾಕೆ ಮಾತಿಲ್ಲ ಎಂದು ಕೇಳಿದೆ. ಅವಳು ಸ್ಲೇಟನ್ನು ಇನ್ನೊಮ್ಮೆ ಒರೆಸಿದಳು. ಆಮೇಲೆ ಬರೆದಳು: "ನಾಲ್ಕು ದಿನ ಅವರ ಬಗ್ಗೆ ಕೆಟ್ಟದಾಗಿ ಯೋಚಿಸಿದ್ದೆ ಮಾವ. ಮುಖ ಎತ್ತಿ ಮಾತಾಡಲು ನಾಚಿಕೆ."

ನೀನು ಅವಳು ಕೋಪಗೊಂಡಿದ್ದಾಳೆ ಎಂದು ಹೆದರಿ ಸುಮ್ಮನಿದ್ದೆ. ಅವಳು ನಾಚಿಕೊಂಡು ಸುಮ್ಮನಿದ್ದಳು. ಒಂದೇ ಒಲೆಯ ಮುಂದೆ ಇಬ್ಬರೂ ಕೂತು! ನಿಮ್ಮಿಬ್ಬರ ನಡುವೆ ನಾನೊಬ್ಬನೇ ಕಿವುಡ ಎಂದುಕೊಂಡಿದ್ದೆ.

ಅತ್ತೆಗೆ ಹೇಳಬೇಡಿ ಎಂದು ಕೊನೆಗೆ ಬರೆದಳು. ನನಗೆ ಅದು ಕೇಳಿಸಲಿಲ್ಲ ಎಂದು ಇಟ್ಟುಕೋ.

ಗಂಗಾಧರ


ಬಾಗೂರು
4 ಮಾರ್ಚ್ 2024

ಚಿರಂಜೀವಿ ಗಂಗಾಧರನಿಗೆ ಅಕ್ಕನ ಅನೇಕ ಆಶೀರ್ವಾದಗಳು.

ಬಾ, ಶಿವರಾತ್ರಿಗೆ ಬಾ, ಅನುಕೂಲವಾಗಿದೆ.

ನಿನ್ನ ಕಾಗದ ಬಂದಾಗ ಪ್ರತಿಭಾ ನುಗ್ಗೆಮರದ ಕೆಳಗೆ ಪಟ್ಟಿ ಬಿಡಿಸುತ್ತಾ ಕೂತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. ಹೇಗೆ ಶುರು ಮಾಡಬೇಕೆಂದು ತಿಳಿಯದೆ, ಹುಳಗಳಿಗೆ ಉಣ್ಣೆ ಹತ್ತಿತ್ತು ಕಣವ್ವ, ನಾನೇ ಔಷಧಿ ಇಟ್ಟೆ ಎಂದೆ. ಅವಳು ಕೆಲಸ ನಿಲ್ಲಿಸಿ, ಗೊತ್ತು ಎಂದಳು. ಮತ್ತೆ ಕೆಲಸ ಶುರು ಮಾಡಿದಳು.

ಬೇಕಂತ ಕೊಂದೆ ಎಂದುಕೊಂಡಿದ್ದೆಯಾ ಎಂದು ಕೇಳಿದೆ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ನಾಕು ದಿನ ಅಂಗೇ ಅನ್ಕಂಡಿದ್ದೆ ಅತ್ತೆ" ಎಂದಳು. ಆದರೆ ಅದಕ್ಕಿಂತ ದೊಡ್ಡ ಪ್ರಶ್ನೆ ಒಂದು ನನ್ನ ತಲೆಯಲ್ಲಿತ್ತು. ಅವಳ ಆರು ಪೆಟ್ಟಿಗೆಯನ್ನೂ ನಾನು ಹಾಳುಮಾಡಿದೆ ಎಂದು ತಿಳಿದವಳು ಮೊದಲು ಮಾಡಿದ್ದು ಬಟ್ಟೆ ಚೂರು ಹೂತಿಟ್ಟದ್ದು. ಗಂಡನಿಗೆ ಒಂದು ಮಾತು ಹೇಳಿದ್ದರೆ ಆಗುತ್ತಿತ್ತಲ್ಲ?

"ಬಸವೇಶಂಗೆ ಯಾಕವ್ವ ಏಳ್ಲಿಲ್ಲ?" ಎಂದೆ.

"ಏಳಿದ್ರೆ ಆಮೇಲೆ ನೀವು ಈ ಮನೇಲಿ ತಲೆ ಎತ್ಕಂಡು ಓಡಾಡ್ತಿದ್ರಾ ಅತ್ತೆ? ಹುಳ ಓದ್ರೆ ಇನ್ನೊಂದಷ್ಟು ತರ್ಬೋದು."

ಗಂಗಾಧರ, ನಾನು ಅಲ್ಲೇ ಅತ್ತುಬಿಟ್ಟೆ. ಅವಳೂ ಅತ್ತಳು. ಹುಳಗಳು ಅವುಗಳ ಪಾಡಿಗೆ ಬಂದು ಹೋಗುತ್ತಿದ್ದವು. ಬೀದಿಯೆಲ್ಲ ಕೇಳುವ ಹಾಗೆ ನಾನು ಆಡಿದ್ದ ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿದೆ ಎಂದೇ ತಿಳಿದಿದ್ದೆ. ಅದು ಅವಳಿಗೆ ನಾಟಿರಲೇ ಇಲ್ಲ. ನಿನ್ನ ಪಾಠದ ಕಿವಿ ಏನೋ ಎಂತೋ, ಇವಳ ಕಿವಿ ನನ್ನ ಪುಣ್ಯ.

ಆಮೇಲೆ ನಿನ್ನೆ ಆಶಾರಾಣಿ ನೀರಿಗೆ ಬಂದು ಹಳೇ ರಾಗ ಎತ್ತಿದಳು, ನೀಲಮ್ಮಾರೇ, ಹುಳ ಇನ್ನೂ ಇದೆ, ನೀವೂ ಇದ್ದೀರಲ್ಲ ಎಂದು. ನಾನು ಬಾಯಿ ತೆರೆಯುವುದರೊಳಗೆ ಪ್ರತಿಭಾ ಒಳಗಿನಿಂದ ಬಂದು, "ಅತ್ತೆ ಎಲ್ಲೂ ಓಗಲ್ಲ ಆಶಕ್ಕ, ನಮ್ಮ ಜೇನಿಗೆ ಡಾಕ್ಟ್ರೇ ಅವ್ರು" ಎಂದಳು. ಬಸವೇಶ ಪೇಪರ್ ಓದುತ್ತಿದ್ದವನು ತಲೆಯೆತ್ತಿ, ಅದೇನು ವಿಷಯ ಎಂದು ಕೇಳಿದ. ನಾವಿಬ್ಬರೂ ಹೇಳಲಿಲ್ಲ. ನಿನಗೂ ಹೇಳುತ್ತಿದ್ದೇನೆ, ಶಿವರಾತ್ರಿಗೆ ಬಂದಾಗ ಬಾಯಿ ತಪ್ಪಿ ಅವನ ಹತ್ತಿರ ಹೇಳಬೇಡ. ಪಂಚೆಯನ್ನು ಅವನು ಇನ್ನೂ ಹುಡುಕುತ್ತಿದ್ದಾನೆ.

ರೆಕ್ಕೆ ಮುದುರಿದ ಹುಳಗಳು ಈಗ ಎಲ್ಲೋ ಒಂದೊಂದು. ಇವತ್ತು ಪ್ರತಿಭಾ ನನ್ನ ಮುಖಕ್ಕೆ ಬಲೆ ಕಟ್ಟಿ, ಪೆಟ್ಟಿಗೆ ತೆಗೆದು, ರಾಣಿಯನ್ನು ತೋರಿಸಿದಳು. ಉದ್ದಕ್ಕೆ, ಹೊಳೆಯುತ್ತಾ, ಎಲ್ಲರಿಂದಲೂ ದಾರಿ ಬಿಡಿಸಿಕೊಂಡು ಓಡಾಡುತ್ತಿತ್ತು. ಇನ್ನೂ ಹತ್ತಿರದಿಂದ ನೋಡೋಣವೆಂದು ನಾನು ಬಲೆ ಎತ್ತಿದೆ. ಮೂಗಿನ ಮೇಲೇ ಒಂದು ಕಚ್ಚಿತು. ಈಗ ನನ್ನ ಮೂಗು ಬದನೆಕಾಯಿಯಷ್ಟಾಗಿದೆ. ಅತ್ತೆಸೊಸೆ ಇಬ್ಬರೂ ನಕ್ಕು ನಕ್ಕು ಸುಸ್ತಾದೆವು.

ಊತಕ್ಕೆ ಏನಾದರೂ ಔಷಧಿ ಇದ್ದರೆ ಬರೆದು ಕಳಿಸು. ಹಸುವಿನದು ಬೇಡ.

ನಿನ್ನ ಅಕ್ಕ,
ನೀಲಾಂಬಿಕೆ